ಮೂವತ್ತನಾಲ್ಕರ ಒಳಗೆ

ಬೆಳಿಗ್ಗೆ ಆರೂವರೆಗೆ ಲ್ಯಾಬಿನ ಶಟರ್ ಎತ್ತುವಾಗ
ಎದುರಿನ ಹೋಟೆಲಿನಲ್ಲಿ ಮೊದಲ ದೋಸೆಗೆ ಬೆಣ್ಣೆ ಬೀಳುತ್ತದೆ.
ವಾಸನೆ ನನಗಿಂತ ಮುಂಚೆ ಮೆಟ್ಟಿಲು ಹತ್ತಿರುತ್ತದೆ.
ಬೆಂಚಿನ ಮೇಲೆ ಖಾಲಿ ಹೊಟ್ಟೆಯವರು,
ತೋಳು ಮಡಚಿ, ಮುಖ ಅತ್ತ ತಿರುಗಿಸಿ.

ಹದಿನಾರು ವರ್ಷವಾಯಿತು. ಮುಖ ನೆನಪಿರುವುದಿಲ್ಲ ನನಗೆ,
ನರ ನೆನಪಿರುತ್ತದೆ:
ಯಾರದು ಜಾರುತ್ತದೆ, ಯಾರದು ಅಡಗುತ್ತದೆ.

ಮಂಡಕ್ಕಿ ಭಟ್ಟಿಯಿಂದ ಬರುತ್ತಾರೆ ಅಕ್ಕ ತಂಗಿ,
ಖಮರುನ್ನೀಸಾ, ಮೆಹಜಬೀನ್.
ರೆಪ್ಪೆಯ ಮೇಲಿನ್ನೂ ಹೊಟ್ಟಿನ ಬೂದಿ.
ಅಕ್ಕನಿಗೆ ಒಲೆಯ ಬಾಯಿಗೆ ಕೂತರೂ ಚಳಿ.
"ಮರಳು ಕಾದು ಸಿಡೀತಿರ್ತೈತ್ರಿ, ನಾನು ಸ್ವೆಟರ್ ಹಾಕ್ಕೊಂಡಿರ್ತೀನಿ."
ತಂಗಿಗೆ ಡಿಸೆಂಬರಿನ ನಸುಕಿನಲ್ಲೂ ಬೆವರು;
ಜರಡಿ ಅಲ್ಲಾಡುವ ಮೊದಲೇ ಕೈ ಅಲ್ಲಾಡುತ್ತದೆ,
ಕಣ್ಣೆರಡೂ ಹೊಸ್ತಿಲಿಗೆ ಬಂದು ನಿಂತಿವೆ
ಯಾರೋ ಕೂಗಿ ಕರೆದ ಹಾಗೆ.

ಗಿರಗಿರ ತಿರುಗಿಸಿ ನಿಲ್ಲಿಸಿದರೆ
ಕೆಂಪು ಕೆಳಗೆ ಕೂತು ಮೇಲೆ ಹುಲ್ಲುಬಣ್ಣದ ನೀರು.
ಅಕ್ಕನದೂ ಅದೇ, ತಂಗಿಯದೂ ಅದೇ.
ಬೆಳಕಿಗೆ ಹಿಡಿದು ನೋಡಿದ್ದೇನೆ. ಏನೂ ಕಾಣುವುದಿಲ್ಲ.

ಡಿಪ್ಲೊಮಾ ಪುಸ್ತಕದಲ್ಲಿ ಇದಕ್ಕೆ ಪ್ರತಿಕಾಯ ಎಂದಿತ್ತು.
ಪ್ರತಿ ಎಂದರೆ ಎದುರು, ಎಂದು ಬಾಯಿಪಾಠ ಮಾಡಿದೆ.
ಮೈ ತನ್ನ ಮೈಗೇ ಎದುರು ನಿಲ್ಲುವುದು.
ತಂಗಿಯೊಳಗೆ ಅದೊಂದು ಕಳ್ಳ ಬೀಗದಕೈ,
ಹೊಂದಿತು, ತಿರುಗಿತು, ತಿರುಗುತ್ತಲೇ ಇದೆ.
ಅಕ್ಕನೊಳಗೆ ಅಂಥದ್ದೇ ಕೈ ಮುರಿದು ಒಳಗೇ ಉಳಿದಿದೆ;
ನಿಜವಾದದ್ದು ಬಂದರೂ ತೂರಲು ಜಾಗವಿಲ್ಲ.

ಮೂವತ್ತನಾಲ್ಕರ ಒಳಗಿದ್ದರೆ ಸರಿ, ಎನ್ನುತ್ತದೆ ನಮ್ಮ ಮಿಷನ್ನಿನ ಕೈಪಿಡಿ.
ಪಂಚಾಕ್ಷರಯ್ಯನವರದು ಆರುನೂರು ದಾಟಿ
ಮಿಷನ್ನೇ ಎಣಿಸುವುದು ಬಿಟ್ಟಿತು.
ಅವರೋ, ಕುಂದವಾಡ ಕೆರೆಗೆ ಎರಡು ಸುತ್ತು ಹಾಕಿ ಬಂದವರು,
"ನಂಗೇನಾಗೈತಮ್ಮ?" ಎಂದು ನಗುತ್ತಾರೆ.
ಕೊಟ್ರಮ್ಮ ಟೀಚರದು ಹನ್ನೊಂದು.
ಬಾಚಣಿಗೆಯಲ್ಲಿ ಕೂದಲು ಹಿಡಿ ಹಿಡಿ ಬರುತ್ತದೆ,
ಹಾಜರಿ ಕೂಗುವಾಗ ಮಕ್ಕಳ ಹೆಸರು ಅರ್ಧಕ್ಕೇ ನಿಲ್ಲುತ್ತದೆ,
ಸ್ಕ್ಯಾನಿಂಗಿನಲ್ಲಿ ಗ್ರಂಥಿ ನುಸಿ ತಿಂದ ಉಣ್ಣೆ.
"ಹನ್ನೊಂದಾದರೆ ನಾನು ಸುಳ್ಳು ಹೇಳ್ತಿದೀನಾ?"
ಉತ್ತರ ಕೊಡುವುದು ನನ್ನ ಕೆಲಸವಲ್ಲ.
ಹತ್ತಿಯುಂಡೆ ಒತ್ತಿ ಹಿಡಿಯಿರಿ ಎಂದೆ, ಐದು ನಿಮಿಷ.

ಇನ್ನೊಬ್ಬಳಿದ್ದಳು, ಹರಿಹರದ ನೇತ್ರಾವತಿ.
ಬಸುರಿಯಾಗುತ್ತಲೇ ಅಂಕಿ ತಾನಾಗಿ ಇಳಿಯಿತು,
ಶತ್ರುವೂ ಬಸುರಿಗೆ ದಾರಿ ಬಿಟ್ಟಂತೆ.
ಕೂಸು ಕುತ್ತಿಗೆ ನಿಲ್ಲಿಸುವ ಹೊತ್ತಿಗೆ
ಎಲ್ಲ ತಿರುಗಿ ಬಂದವು, ಸಾಲ ವಸೂಲಿಗೆ.

ಒಂದು ಸಂಜೆ ಕರೆಂಟು ಹೋಗಿ ಬಂದ ಮೇಲೆ
ಉಳಿದ ರಾಸಾಯನಿಕ ದಂಡವಾಗುತ್ತದೆಂದು
ನನ್ನ ತೋಳಿಗೆ ನಾನೇ ಪಟ್ಟಿ ಬಿಗಿದೆ, ಹಲ್ಲಿನಲ್ಲಿ ಕಚ್ಚಿ.
ಹೆಸರಿನ ಜಾಗದಲ್ಲಿ 'ಪರೀಕ್ಷೆ' ಎಂದು ಒತ್ತಿದೆ.
ಇನ್ನೂರ ಹನ್ನೆರಡು.

ಕೆಳಗಿಳಿದು ದೋಸೆ ತಿಂದೆ, ಚಟ್ನಿ ಎರಡು ಸಲ ಹಾಕಿಸಿಕೊಂಡೆ.
ಏನೂ ಅನಿಸಲಿಲ್ಲ.
ಅಥವಾ ಇಷ್ಟು ವರ್ಷ ಅನಿಸಿದ್ದೆಲ್ಲ,
ಮಧ್ಯಾಹ್ನದ ಆ ಮಂಪರು, ಅಕಾರಣ ಅಳು,
ಅದೇ ಇದ್ದಿರಬಹುದು. ಯಾರು ಹೇಳಬೇಕು.

ಕೈ ತೊಳೆಯುವಾಗ ಹೊಳೆಯಿತು:
ಪ್ರತಿ ಎಂದರೆ ಎದುರು ಮಾತ್ರ ಅಲ್ಲ,
ಪ್ರತಿ ಎಂದರೆ ಒಂದೊಂದೂ.
ಪ್ರತಿ ಕಾಯ.

ಆ ವರದಿಯನ್ನು ಮುದ್ರಿಸಲಿಲ್ಲ. ಅಳಿಸಲೂ ಇಲ್ಲ.
ನಾಳೆ ಮೆಹಜಬೀನ್ ಬರುತ್ತಾಳೆ.
ಎಡಗೈ ಕೇಳಬೇಕು,
ಬಲಗೈಯ ನರ ಜಾರುತ್ತದೆ.